ಟೆಸ್ಟಿಗೆ ಹಣೆಪಟ್ಟಿ ಹಚ್ಚುವ ಮುನ್ನ

ಚಿ. ಮೇಧಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಒಂದೇ ಕೋಡು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡಬೇಕಾದ ಪ್ರಾಜೆಕ್ಟಿಗೆ ನಿನ್ನನ್ನು ಹಾಕಿದ್ದಾರೆ, ರಾಶಿ ಬಿದ್ದಿರುವ ಟೆಸ್ಟ್‌ಗಳನ್ನು ವಿಂಗಡಿಸುವ ಹೊಣೆ ನಿನ್ನದು ಎಂದು ಓದಿ ಹೆಮ್ಮೆಯಾಯಿತು ಮಗೂ. ಇದು ಹೊಸಬರ ಕೈಗೆ ಕೊಡುವ ಚಿಲ್ಲರೆ ಕೆಲಸ ಎಂದು ಯಾರಾದರೂ ಅಂದರೆ ಒಪ್ಪಬೇಡ. ಯಾವ ಟೆಸ್ಟ್ ಎಲ್ಲಿ, ಯಾವಾಗ ಓಡುತ್ತದೆ ಎಂದು ಗೊತ್ತುಮಾಡುವವಳೇ ತಪ್ಪು ಮೊದಲು ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನೂ ಗೊತ್ತುಮಾಡುತ್ತಾಳೆ: ಕೋಡು ಬರೆದವರ ಕಣ್ಣಿಗೋ, ಅದನ್ನು ನಂಬಿ ಬಳಸುವವರ ಕಣ್ಣಿಗೋ.

ನೀನು ಕಳಿಸಿದ ಕ್ಯಾಟಗರಿಗಳ ಪಟ್ಟಿ ನೋಡಿದೆ. ‘ವಿಂಡೋಸ್’, ‘ಡೇಟಾಬೇಸ್’, ‘ನಿಧಾನ’, ‘ರಾತ್ರಿ’, ‘ಮುಖ್ಯ’ ಎಲ್ಲ ಒಂದೇ ಸಾಲಿನಲ್ಲಿ ಕೂತಿವೆ. ಮೊದಲೆರಡು ಟೆಸ್ಟಿಗೆ ಏನು ಬೇಕು ಎಂದು ಹೇಳುತ್ತವೆ, ‘ನಿಧಾನ’ ಎಷ್ಟು ಹೊತ್ತು ಹಿಡಿಯುತ್ತದೆ ಎಂದು. ‘ರಾತ್ರಿ’ಯಾದರೋ ಬರೀ ವೇಳಾಪಟ್ಟಿ, ನಾಳೆ ಇನ್ನೊಂದು ಸರ್ವರ್ ಸಿಕ್ಕರೆ ಅದೇ ಟೆಸ್ಟನ್ನು ಹಗಲಲ್ಲೇ ಓಡಿಸುತ್ತೀರಿ. ಟೆಸ್ಟಿನ ಮೇಲೆ ಅದರ ಗುಣವನ್ನಷ್ಟೇ ಬರೆ. ಯಾವಾಗ ಓಡಿಸಬೇಕು ಎಂಬುದು ಬಿಲ್ಡ್ ಸರ್ವರಿನ ಫೈಲಿನಲ್ಲಿರಲಿ. ‘ಮುಖ್ಯ’ ಎಂಬುದನ್ನು ಕಿತ್ತುಹಾಕು. ಮುಖ್ಯವಲ್ಲದ ಟೆಸ್ಟನ್ನು ಇಟ್ಟುಕೊಳ್ಳಲೇಬಾರದು.

ಗುಣ ಅಳೆಯಲು ಗೂಗಲ್‌ನವರು 2010ರಲ್ಲಿ ವಿವರಿಸಿದ ಕ್ರಮ ನನಗೆ ಈಗಲೂ ಹಿಡಿಸುತ್ತದೆ. ಯಾವುದು ಯೂನಿಟ್, ಯಾವುದು ಇಂಟಿಗ್ರೇಷನ್ ಎಂಬ ವಾದವನ್ನು ಬದಿಗಿಟ್ಟು ಸಣ್ಣ, ಮಧ್ಯಮ, ದೊಡ್ಡ ಎಂದು ಅವರು ಹಂಚಿದರು. ಸಣ್ಣ ಟೆಸ್ಟ್ ನೆಟ್‌ವರ್ಕ್, ಡೇಟಾಬೇಸ್, ಫೈಲು ಯಾವುದನ್ನೂ ಮುಟ್ಟಬಾರದು, 60 ಸೆಕೆಂಡಿನೊಳಗೆ ಮುಗಿಯಬೇಕು. ಮಧ್ಯಮದ್ದು ತಾನಿರುವ ಯಂತ್ರದಾಚೆ ನೆಟ್‌ವರ್ಕಿಗೆ ಹೋಗಬಾರದು, ಅದಕ್ಕೆ 300 ಸೆಕೆಂಡು. ಇಲ್ಲಿ ಯಾರ ಅಭಿಪ್ರಾಯವೂ ಬೇಕಿಲ್ಲ, ಯಂತ್ರವೇ ಪರೀಕ್ಷಿಸಿ ಹೇಳಬಲ್ಲದು.

ನಾನು ಮುಖ್ಯವಾಗಿ ಬರೆಯಬೇಕೆಂದಿದ್ದು ಮುಂದಿನ ಮಾತು. ಹಣೆಪಟ್ಟಿಯೇ ಇಲ್ಲದ ಟೆಸ್ಟ್ ಮೂರೂ ಕಡೆ ಓಡಲೇಬೇಕು, ಅದೇ ನಿಯಮ. ‘ವಿಂಡೋಸ್ ಮಾತ್ರ’ ಎಂಬುದು ರಿಜಿಸ್ಟ್ರಿಯ ಹಾಗೆ ವಿಂಡೋಸಿನಲ್ಲಷ್ಟೇ ಇರುವ ಸಂಗತಿಗೆ ಸಲ್ಲುವ ವಿನಾಯಿತಿ. ಮ್ಯಾಕಿನಲ್ಲಿ ಫೇಲ್ ಆಗುತ್ತಿದೆ ಎಂದು ‘ಲಿನಕ್ಸ್ ಮಾತ್ರ’ ಎಂದು ಹಚ್ಚಿದರೆ ಅದು ಅಟ್ಟಕ್ಕೆ ಹಾಕಿದ ಸಾಮಾನು, ಮತ್ತೆ ಯಾರೂ ಇಳಿಸುವುದಿಲ್ಲ.

ನಮ್ಮ ಕನ್ನಡದ್ದೇ ಒಂದು ಉದಾಹರಣೆ ತಗೋ. ‘ಕೋಲಾರ’ ಎಂಬ ಹೆಸರಿನ ಫೈಲು. ‘ಕೋ’ದಲ್ಲಿರುವ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನು ಬಿಡಿಸಿ ಇಟ್ಟುಕೊಳ್ಳುತ್ತಿತ್ತು. ಲಿನಕ್ಸ್ ಸಾಮಾನ್ಯವಾಗಿ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ. ಕಣ್ಣಿಗೆ ಎರಡೂ ಒಂದೇ ಕೋಲಾರ, ಬೈಟುಗಳನ್ನು ಹೋಲಿಸಿದರೆ ಎರಡು ಬೇರೆ ಊರು! ‘ಮೈಸೂರು’ ಎಂದರೂ ಇದೇ ಕಥೆ, ಐತ್ವವೂ ಒಡೆಯುತ್ತದೆ. ಹೆಸರು ಹುಡುಕುವ ಟೆಸ್ಟ್ ಮ್ಯಾಕಿನಲ್ಲಿ ಬಿದ್ದಾಗ ಅದಕ್ಕೆ ‘ಲಿನಕ್ಸ್ ಮಾತ್ರ’ ಎಂದು ಬರೆದವರು ಕನ್ನಡದಲ್ಲಿ ಫೈಲಿಗೆ ಹೆಸರಿಟ್ಟ ಒಬ್ಬ ಮೇಷ್ಟರ ಕಡತವನ್ನು ಕಾಣೆಯಾಗಲು ಬಿಟ್ಟ ಹಾಗೆ. ಇಂಥವು ಇನ್ನೂ ಇವೆ. ದೊಡ್ಡಕ್ಷರ, ಸಣ್ಣಕ್ಷರ ಬೇರೆಯಾದರೆ ಲಿನಕ್ಸಿಗೆ ಅವು ಎರಡು ಫೈಲು. ವಿಂಡೋಸಿಗೂ ಮ್ಯಾಕಿಗೂ ಸಾಮಾನ್ಯವಾಗಿ ಒಂದೇ. ಮೂರರ ನಡುವಿನ ಈ ವ್ಯತ್ಯಾಸ ಹಿಡಿಯುವುದಕ್ಕೇ ತಾನೆ ಟೆಸ್ಟ್ ಬರೆದದ್ದು?

ಸಲಕರಣೆಗಳು ಇದಕ್ಕೆ ಒದಗುತ್ತವೆ. ಎನ್‌ಯುನಿಟ್‌ನಲ್ಲಿ ‘ಕ್ಯಾಟಗರಿ’ ಬೇರೆ, ‘ಪ್ಲಾಟ್‌ಫಾರ್ಮ್’ ಬೇರೆ ಎಂದೇ ಇಟ್ಟಿದ್ದಾರೆ. ನೀವು ಬಳಸುವ ಪೈಟೆಸ್ಟ್‌ನಲ್ಲಿ ಹಣೆಪಟ್ಟಿಗೆ ಮಾರ್ಕರ್ ಎನ್ನುತ್ತಾರೆ, ಅದರ ಸ್ಪೆಲಿಂಗ್ ತಪ್ಪಿದರೆ ಬರೀ ಎಚ್ಚರಿಕೆ ಬರುತ್ತದೆ, ಆ ಟೆಸ್ಟ್ ಮಾತ್ರ ತನ್ನ ಗುಂಪಿನಿಂದ ಕಳಚಿಕೊಳ್ಳುತ್ತದೆ. ಅದಕ್ಕೇ ಮಾರ್ಕರುಗಳನ್ನೆಲ್ಲ ನೋಂದಾಯಿಸಿ ‘ಸ್ಟ್ರಿಕ್ಟ್ ಮಾರ್ಕರ್ಸ್’ ಹಾಕಿಬಿಡು. ತಪ್ಪು ಹೆಸರು ಕಂಡರೆ ಅಲ್ಲೇ ನಿಲ್ಲುತ್ತದೆ. ಸ್ಕಿಪ್ ಮಾಡಿದ ಪ್ರತಿಯೊಂದಕ್ಕೂ ಕಾರಣ ಬರೆಯಲು ಜಾಗವಿದೆ. ‘ಮ್ಯಾಕಿನಲ್ಲಿ ಆಗುತ್ತಿಲ್ಲ’ ಎಂಬುದನ್ನು ಕಾರಣವೆಂದು ಒಪ್ಪಬೇಡ, ಯಾಕೆ ಆಗುತ್ತಿಲ್ಲ ಎಂದು ಬರೆಸು.

ಹೊಸ ಹಣೆಪಟ್ಟಿ ಹಚ್ಚುವ ಮೊದಲು ಒಂದು ಕೆಲಸ ಮಾಡು. ಮೂರೂ ಯಂತ್ರಗಳ ವರದಿ ಪಕ್ಕಪಕ್ಕ ಇಟ್ಟು, ಮೂರರಲ್ಲೂ ಸ್ಕಿಪ್ ಆದ ಟೆಸ್ಟ್ ಯಾವುದೆಂದು ನೋಡು. ಒಂದೊಂದು ವರದಿಯೂ ಬಿಡಿಬಿಡಿಯಾಗಿ ಹಸಿರಾಗಿಯೇ ಇರುತ್ತದೆ, ಹಾಗಾಗಿ ಎಲ್ಲಿಯೂ ಓಡದ ಟೆಸ್ಟ್ ಯಾರಿಗೂ ಕಾಣಿಸಿರುವುದಿಲ್ಲ. ಆ ಪಟ್ಟಿ ನನಗೂ ಕಳಿಸು, ಭಾನುವಾರ ಫೋನಿನಲ್ಲಿ ಒಂದೊಂದಾಗಿ ನೋಡೋಣ. ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಪ್ರೀತಿಯ ಮಾವ