ಮಗುವಿನ ವಿವರ ಯಾರ ಕೈಯಲ್ಲಿ?



ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆ ಪುಸ್ತಕ ಬೀಗ ಹಾಕಿದ ಬೀರುವಿನಲ್ಲಿರುತ್ತದೆ. ನಿಮ್ಮ ಮಗುವಿನ ಹೆಸರು, ಹುಟ್ಟಿದ ದಿನ, ಹೆತ್ತವರ ವಿವರ ಅದರಲ್ಲಿವೆ. ದಾರಿಹೋಕರು ಕೇಳಿದರೆ ತೋರಿಸುವುದಿಲ್ಲ. ಅದೇ ವಿವರಗಳನ್ನು ಪಾಠದ ಆ್ಯಪ್ ಒಂದು ಕೇಳಿದರೆ ನೀವು ಓದಿ ನೋಡದೆ ಒಪ್ಪಿಗೆಯ ಗುಂಡಿ ಒತ್ತಿಬಿಡುತ್ತೀರಲ್ಲವೇ?

ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ 160ಕ್ಕೂ ಹೆಚ್ಚು ಕಲಿಕಾ ಸೇವೆಗಳನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. ಹತ್ತರಲ್ಲಿ ಸುಮಾರು ಒಂಬತ್ತು ಸೇವೆಗಳ ರೀತಿ ಮಕ್ಕಳ ಹಕ್ಕುಗಳಿಗೆ ಧಕ್ಕೆ ತರುವಂತಿತ್ತು ಅಥವಾ ಅಪಾಯ ಒಡ್ಡುವಂತಿತ್ತು. ಹಲವು ಸೇವೆಗಳಿಂದ ಮಕ್ಕಳ ವಿವರ ಜಾಹೀರಾತು ಕಂಪನಿಗಳಿಗೆ ಹೋಗುತ್ತಿತ್ತು.

ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಅದು 2025ರ ನವೆಂಬರಿನಿಂದ ಹಂತಹಂತವಾಗಿ ಜಾರಿಗೆ ಬರುತ್ತಿದೆ. ಶಾಲೆಗಳಿಗೆ ಕೆಲವು ವಿನಾಯಿತಿಗಳೂ ಉಂಟು. ಆದ್ದರಿಂದ ಕಾವಲು ಮೊದಲು ಮನೆಯಲ್ಲೇ ಇರಬೇಕು.

ಒಂದು, ಪ್ರತಿ ವಿವರಕ್ಕೂ ‘ಪಾಠಕ್ಕೆ ಇದು ಬೇಕೇ?’ ಎಂದು ಕೇಳಿಕೊಳ್ಳಿ. ಗಣಿತ ಕಲಿಸಲು ಮಗು ಎಲ್ಲಿದೆಯೆಂದು ತಿಳಿಯಬೇಕಾಗಿಲ್ಲ. ಲೊಕೇಶನ್ ಅನುಮತಿ ಕೊಡಬೇಡಿ.

ಎರಡು, ಭಾವಚಿತ್ರ, ಆಧಾರ್ ಸಂಖ್ಯೆ ಕೇಳಿದರೆ ಕಾರಣವನ್ನು ಶಾಲೆಯಲ್ಲಿ ವಿಚಾರಿಸಿ. ಹಾಗೆ ವಿಚಾರಿಸುವುದು ಶಿಕ್ಷಕರ ಮೇಲಿನ ಅವಿಶ್ವಾಸವಲ್ಲ, ಹೆತ್ತವರ ಕರ್ತವ್ಯ.

ಮೂರು, ಬಳಕೆ ಮುಗಿದ ಮೇಲೆ ಫೋನಿನಿಂದ ಆ್ಯಪ್ ತೆಗೆದರೆ ಸಾಲದು, ಖಾತೆಯನ್ನೂ ಅಳಿಸಿ.

ಈ ಭಾನುವಾರ ಊಟವಾದ ಮೇಲೆ ಮಗುವಿನ ಪಕ್ಕ ಕುಳಿತು ಫೋನನ್ನು ಒಟ್ಟಿಗೆ ನೋಡಿ. ಬೀರುವಿನ ಬೀಗದ ಕೈ ನನ್ನ ಬಳಿ ಇದೆ. ಇದರದು ನಿಮ್ಮ ಬಳಿ ಇದೆ.