ಗದ್ದಲದ ಚಿತ್ರದಲ್ಲಿ ಗುರಿಯ ಶೋಧ

ರಾಮನಗರದ ರಾಮದೇವರ ಬೆಟ್ಟವು ಉದ್ದಕೊಕ್ಕಿನ ರಣಹದ್ದುಗಳ ನೆಲೆ. ಅಳಿವಿನ ಅಂಚಿನಲ್ಲಿರುವ ಈ ಪಕ್ಷಿಗಳಿಗಾಗಿ 2012ರಲ್ಲಿ ಅಲ್ಲಿ ವನ್ಯಧಾಮವನ್ನು ಘೋಷಿಸಲಾಯಿತು. ಮಂಜು ಕವಿದ ಮುಂಜಾನೆ ದೂರದಿಂದ ಆ ಬಂಡೆಯ ಚಿತ್ರವನ್ನು ತೆಗೆದೆವೆನ್ನೋಣ. ಕಂದುಬಣ್ಣದ ಹಕ್ಕಿಯು ಕಲ್ಲಿನ ಕಲೆಗಳೊಡನೆ ಬೆರೆತುಹೋಗುವುದು. ಯಂತ್ರವು ಅದನ್ನು ಕಂಡುಹಿಡಿಯುವುದೆಂತು?

ಉಪಾಯವು ಸರಳವಾದುದು: ತಾಳೆ ನೋಡುವುದು. ಚಿತ್ರವೆಂದರೆ ಬೆಳಕಿನ ಪ್ರಮಾಣವನ್ನು ಸೂಚಿಸುವ ಅಂಕೆಗಳ ಸಾಲುಗಳು. ಹಕ್ಕಿಯ ಮಾದರಿಯೂ ಅಂತಹುದೇ. ಮಾದರಿಯನ್ನು ಚಿತ್ರದ ಮೇಲೆ ಒಂದೊಂದೇ ಹೆಜ್ಜೆ ಸರಿಸುತ್ತ, ಎದುರುಬದುರಾದ ಅಂಕೆಗಳನ್ನು ಗುಣಿಸಿ, ಗುಣಲಬ್ಧಗಳನ್ನು ಕೂಡಬೇಕು. ಈ ಮೊತ್ತಕ್ಕೆ ಸಹಸಂಬಂಧವೆಂದು ಹೆಸರು.

ಒಂದು ಉದಾಹರಣೆಯನ್ನು ನೋಡೋಣ. ಮಾದರಿಯು 1, 1, 1, −1, 1 ಆಗಿರಲಿ. ಗದ್ದಲದಿಂದ ಕೆಟ್ಟು ಅದು ಚಿತ್ರದಲ್ಲಿ 2, 0, 1, −2, 1 ಎಂದು ಕಾಣುತ್ತದೆ. ಗುಣಿಸಿ ಕೂಡಿದರೆ 2+0+1+2+1, ಅಂದರೆ 6. ಬರಿಯ ಗದ್ದಲವಿರುವ 1, −1, 0, 1, 1 ಎಂಬೆಡೆ ಮೊತ್ತವು 0. ಮೊತ್ತವು ಶಿಖರದಂತೆ ಎದ್ದ ಸ್ಥಾನವೇ ಗುರಿಯ ಸ್ಥಾನ.

ಇದರ ಗುಟ್ಟೇನು? ಗುರಿಯ ಅಂಕೆಗಳೆಲ್ಲ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತವೆ. ಗದ್ದಲದವು ಬಹುಮಟ್ಟಿಗೆ ಒಂದನ್ನೊಂದು ಕಳೆಯುತ್ತವೆ. 100 ಬಿಂದುಗಳನ್ನು ಕೂಡಿದಾಗ ಗುರಿಯ ಪಾಲು 100 ಪಟ್ಟಾದರೆ, ಪರಸ್ಪರ ಸಂಬಂಧವಿಲ್ಲದ ಗದ್ದಲದ ಪಾಲು 100ರ ವರ್ಗಮೂಲದಷ್ಟು, ಎಂದರೆ 10 ಪಟ್ಟು ಮಾತ್ರ. 1943ರಲ್ಲಿ ನಾರ್ತ್ ಎಂಬ ವಿಜ್ಞಾನಿಯು ರೇಡಾರಿಗಾಗಿ ಈ ತತ್ತ್ವವನ್ನು ನಿರೂಪಿಸಿದನು. 1964ರಲ್ಲಿ ವ್ಯಾಂಡರ್ ಲುಗ್ಟನು ಮಸೂರಗಳ ಮೂಲಕ ಬೆಳಕಿನಿಂದಲೇ ಈ ಗುಣಾಕಾರವನ್ನು ಸಾಧಿಸುವ ಶೋಧಕವನ್ನು ವಿವರಿಸಿದನು.

ಆದರೆ ಎಚ್ಚರಿಕೆಯೂ ಅಗತ್ಯ. ಬಿಸಿಲಿಗೆ ಹೊಳೆಯುವ ಬಂಡೆಯೂ ದೊಡ್ಡ ಮೊತ್ತವನ್ನು ಕೊಟ್ಟೀತು. ಆದುದರಿಂದ ಮೊದಲು ಸರಾಸರಿಯನ್ನು ಕಳೆದು, ಬಳಿಕ ಮೊತ್ತವನ್ನು ಅಂಕೆಗಳ ಒಟ್ಟು ಪ್ರಮಾಣದಿಂದ ಭಾಗಿಸಬೇಕು. ಹಕ್ಕಿಯು ಮಗ್ಗುಲು ತಿರುಗಿದರೆ ಶಿಖರವು ಕುಗ್ಗುವುದರಿಂದ, ಹಲವು ಭಂಗಿಗಳಿಂದ ಮಾದರಿಯನ್ನು ರಚಿಸಬೇಕು. ಒಪ್ಪಿಗೆಯ ಮಿತಿಯನ್ನು ಇಳಿಸಿದರೆ ಕಲ್ಲು ಹಕ್ಕಿಯಾದೀತು. ಏರಿಸಿದರೆ ಇದ್ದ ಹಕ್ಕಿಯೂ ತಪ್ಪೀತು. ಕೆಲವೇ ಉಳಿದಿರುವ ಪಕ್ಷಿಗಳ ಎಣಿಕೆಯಲ್ಲಿ ಎರಡೂ ಹಾನಿಯೇ.

ಚಿತ್ರವನ್ನು ತಾಳೆ ನೋಡುವ ಈ ವಿಧಾನದ ಬೆಲೆಯು ಚಂದ್ರನಲ್ಲಿಯೂ ತಿಳಿದುಬಂದಿತು. ಚಂದ್ರಯಾನ-3ರ ಇಳಿಕೆಯ ನೌಕೆಯಲ್ಲಿದ್ದ ಒಂದು ಕ್ಯಾಮರಾ, ಕೆಳಗಿನ ನೆಲದ ಚಿತ್ರವನ್ನು ಒಡಲಿನಲ್ಲಿರಿಸಿದ್ದ ಚಂದ್ರನ ನಕ್ಷೆಯೊಡನೆ ಹೋಲಿಸಿ ಸ್ಥಾನವನ್ನು ಅರಿಯಲು ನೆರವಾಯಿತು. 2023ರ ಆಗಸ್ಟ್ 23ರಂದು ನೌಕೆಯು ಸುರಕ್ಷಿತವಾಗಿ ಇಳಿಯಿತು. ಅದರ ಸಂಕೇತಗಳನ್ನು ಆಲಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಬಳಿಯ ಬ್ಯಾಲಾಳುವಿನದೂ ಒಂದು. ಅಲ್ಲಿಯ ದೊಡ್ಡ ಆಂಟೆನಾದ ವ್ಯಾಸವು 32 ಮೀಟರು.

ವಿದ್ಯಾರ್ಥಿಗಳು ಚೌಕುಳಿ ಕಾಗದದ ಮೇಲೆ ಐದು ಅಂಕೆಗಳ ಮಾದರಿಯನ್ನು ಬರೆದು, ಉದ್ದವಾದ ಅಂಕೆಸಾಲಿನ ಮೇಲೆ ಸರಿಸಿ ನೋಡಲಿ. ಶಿಖರವು ಎಲ್ಲಿ ಏಳುವುದೆಂಬುದು ತಾನಾಗಿಯೇ ಗೋಚರಿಸುವುದು.