ಇಡೀ ಮರಿ ಕೊಳ್ಳುವ ಮುನ್ನ

ಬೆಂಗಳೂರು, ಮೈಸೂರುಗಳಲ್ಲಿ ಹೊಸದಾಗಿ ಸಂಸಾರ ಹೂಡಿರುವ ಮಕ್ಕಳೇ, ಫ್ರೀಜರ್ ಕೊಂಡು, ಮಂಡ್ಯದ ಕಡೆಯಿಂದ ಇಡೀ ಕುರಿಮರಿ ತಂದು ಎರಡು ಮೂರು ತಿಂಗಳಿಗೆ ಇಟ್ಟುಕೊಳ್ಳುವ ಮಾತಾಡುತ್ತಿದ್ದೀರಿ. ಒಳ್ಳೆಯ ಯೋಚನೆ. ಹೊಸತೊಡಕಿನ ದಿನ ಬೆಳಕು ಹರಿಯುವ ಮೊದಲೇ ಸಾಲಿನಲ್ಲಿ ನಿಂತು, ಯಾವ ಊರಿನ ಎಷ್ಟು ವಯಸ್ಸಿನ ಪ್ರಾಣಿಯೋ ತಿಳಿಯದೆ ಕೇಳಿದಷ್ಟು ಕೊಟ್ಟು ಬರುವುದಕ್ಕಿಂತ ಇದು ಎಷ್ಟೋ ಮೇಲು. ಸಾಕಿದವನ ಕೈಗೆ ದುಡ್ಡು ನೇರವಾಗಿ ಸೇರುತ್ತದೆ. ಆದರೆ ಮರಿ ಕೊಳ್ಳುವುದಕ್ಕೂ ಮಾಂಸ ಇಡುವುದಕ್ಕೂ ತಾಳ್ಮೆ ಬೇಕು.

ಮೊದಲು ಲೆಕ್ಕ ತಿಳಿದುಕೊಳ್ಳಿ. ದೊಡ್ಡಿಯಲ್ಲಿ ಹೇಳುವ ದರ ಜೀವಂತ ತೂಕದ್ದು. 30 ಕೆಜಿ ತೂಗುವ ಮರಿ ಕಡಿದರೆ ಮೂಳೆ ಸಮೇತ ಸಿಗುವುದು 14–15 ಕೆಜಿ ಮಾಂಸ; ತಲೆ, ಕಾಲು, ಬೋಟಿ ಬೇರೆ. ಅಂದರೆ ಮಾಂಸದ ಕೆಜಿ ಬೆಲೆ ಸಾಕಿದವನು ಹೇಳಿದ್ದರ ಎರಡರಷ್ಟಾಗುತ್ತದೆ, ಕಡಿಯುವವನ ಕೂಲಿ ಅದರ ಮೇಲೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯೊಳಗಿನ ಮೇವು ನೀರೇ ಅದರ ತೂಕದ ಹತ್ತನೇ ಒಂದು ಭಾಗ ದಾಟುತ್ತದೆ. ಆದ್ದರಿಂದ ಮಂದೆ ಮೇಯಲು ಹೊರಡುವ ಮುನ್ನ, ಬೆಳಿಗ್ಗೆಯೇ ತೂಗಿಸಿ.

ಮರಿಯನ್ನು ಕೈಯಿಟ್ಟು ನೋಡಿ. ಸೊಂಟದ ಮೇಲೆ, ಬೆನ್ನುಮೂಳೆಯ ಎರಡೂ ಪಕ್ಕ ಬೆರಳಿಂದ ಒತ್ತಿ. ಮೂಳೆಯ ಮೊನೆ ಚುಚ್ಚಿದರೆ ಬಡಕಲು. ಮೂಳೆ ಎಲ್ಲಿದೆಯೆಂದೇ ತಿಳಿಯದಿದ್ದರೆ ಕೊಬ್ಬು ಜಾಸ್ತಿ. ಕೆಳದವಡೆಯ ಮುಂದೆ ಎಲ್ಲವೂ ಪುಟ್ಟ ಹಾಲುಹಲ್ಲುಗಳಾಗಿದ್ದರೆ ಎಳೆಯದು. ನಡುವೆ ಎರಡು ಅಗಲ ಹಲ್ಲು ಬಂದಿದ್ದರೆ ವರ್ಷ ದಾಟಿದೆ, ಬೇಯಲು ಹೊತ್ತು ಬೇಕು. ಬನ್ನೂರು ಮರಿಯೇ ಬೇಕೆಂದು ಹಟ ಹಿಡಿಯುವವರಿಗೆ ಒಂದು ಮಾತು: ಅಸಲಿ ಬನ್ನೂರು ತಳಿ ಕುಳ್ಳ ಕಾಲಿನದು, ತುಂಬಿದ ಮೈಯದು, ಹಿಂದೆ ನಿಂತು ನೋಡಿದರೆ ಎರಡು ತೊಡೆಗಳ ನಡುವೆ ಬೋರಲು ಹಾಕಿದ ಲಾಳದ ಆಕಾರ ಕಾಣುತ್ತದೆ. ಅಂಥವು ಈಗ ಕಡಿಮೆಯಾಗಿವೆ, ಮಿಶ್ರ ತಳಿಗಳೇ ಹೆಚ್ಚು. ಹೆಸರಿಗಾಗಿ ದುಡ್ಡು ಸುರಿಯಬೇಡಿ. ರಾಯಚೂರು, ಕೊಪ್ಪಳದ ಕಡೆ ಇರುವವರು ಕೆಂಗುರಿಯನ್ನು ಬಿಟ್ಟು ಬನ್ನೂರಿಗೆ ಯಾಕೆ ಹಂಬಲಿಸಬೇಕು?

ಜಂತಿನ ಔಷಧಿ, ಇಂಜೆಕ್ಷನ್ ಯಾವಾಗ ಕೊಟ್ಟದ್ದೆಂದು ಕೇಳಿ. ಔಷಧಿ ಕೊಟ್ಟ ಮೇಲೆ ಇಷ್ಟು ದಿನ ಮಾಂಸ ತಿನ್ನಬಾರದೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ, ಅದು ಮುಗಿದಿರಬೇಕು. ಸತ್ತದ್ದನ್ನೋ ಸಾಯುತ್ತಿರುವುದನ್ನೋ ಅಗ್ಗಕ್ಕೆ ಕೊಡುತ್ತೇನೆಂದರೆ ಆ ಕಡೆ ತಿರುಗಿಯೂ ನೋಡಬೇಡಿ. ನೆರಡಿ ರೋಗ (ಆಂಥ್ರಾಕ್ಸ್) ಕುರಿಯಿಂದ ಮನುಷ್ಯರಿಗೂ ಬರುತ್ತದೆ, ಜೀವ ತೆಗೆಯುತ್ತದೆ.

ಕಾಲು ಕಟ್ಟಿ ಬೈಕಿನ ಮೇಲೆ ಹೇರಿಕೊಂಡು ಬಂದು, ಬಂದ ಕೂಡಲೇ ಕಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೆದರಿ ದಣಿದ ಪ್ರಾಣಿಯ ಮಾಂಸ ಕಪ್ಪಗೆ, ಒಣಗಿದಂತೆ ಇರುತ್ತದೆ, ಬೇಗ ಕೆಡುತ್ತದೆ. ಹಿಂದಿನ ರಾತ್ರಿ ನೆರಳಲ್ಲಿ ಕಟ್ಟಿ, ಮೇವು ನಿಲ್ಲಿಸಿ, ನೀರು ಮಾತ್ರ ಕೊಡಿ. ಅಷ್ಟು ಮರ್ಯಾದೆ ಅದಕ್ಕೆ ಸಲ್ಲಬೇಕು.

ಇಬ್ಬರಿರುವ ಮನೆಗೆ ಇಡೀ ಮರಿ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಗುಡ್ಡೆ ಮಾಂಸದ ಪದ್ಧತಿ ಇರುವುದೇ ಇದಕ್ಕೆ. ನಾಲ್ಕು ಮನೆಯವರು ಸೇರಿ ಒಂದು ಮರಿ ಹಿಡಿದು, ಚಾಪೆಯ ಮೇಲೆ ನಾಲ್ಕು ಗುಡ್ಡೆ ಹಾಕುತ್ತಾರೆ. ತೊಡೆ, ಎದೆಮೂಳೆ, ಚಾಪ್ಸ್, ಲಿವರ್‌ನ ಚೂರು, ಬೋಟಿಯ ಚೂರು ಪ್ರತಿ ಗುಡ್ಡೆಗೂ ಬೀಳಬೇಕು. ಒಂದರಿಂದ ತುಂಡೆತ್ತಿ ಇನ್ನೊಂದಕ್ಕೆ ಹಾಕಿ ಸರಿದೂಗಿಸುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಇರುವವರೂ ಸ್ನೇಹಿತರ ಜೊತೆ ಹೀಗೆ ಪಾಲು ಹಾಕಿಕೊಳ್ಳಬಹುದು. ಒಂದು ಪಾಲಿಗೆ ಮೂರೂವರೆ ಕೆಜಿ, ಫ್ರೀಜರಿಗೂ ಹಗುರ.

ಇನ್ನು ಇಡುವ ವಿಷಯ. ಕಡಿದ ಮಾಂಸ ಬೆಚ್ಚಗಿರುವಾಗಲೇ ಫ್ರೀಜರಿಗೆ ತುಂಬುವವರೇ ಹೆಚ್ಚು. ದಯವಿಟ್ಟು ಬೇಡ. ಜೀವ ಹೋದ ಮೇಲೆ ಸ್ನಾಯುಗಳು ಕೆಲವು ಗಂಟೆಗಳಲ್ಲಿ ಬಿಗಿಯುತ್ತವೆ, ಆಮೇಲೆ ನಿಧಾನವಾಗಿ ಸಡಿಲವಾಗುತ್ತವೆ. ಆ ಬಿಗಿತ ಬರುವ ಮೊದಲೇ ಹೆಪ್ಪುಗಟ್ಟಿಸಿದರೆ, ಮುಂದೆ ತೆಗೆದು ಕರಗಿಸಿದಾಗ ನಾರುಗಳು ಒಮ್ಮೆಗೇ ಮುದುಡಿ ರಸವೆಲ್ಲ ಸೋರಿಹೋಗುತ್ತದೆ. ಕುಕ್ಕರ್ ಎಷ್ಟು ಕೂಗಿದರೂ ತುಂಡು ಹಲ್ಲಿಗೆ ಬಗ್ಗುವುದಿಲ್ಲ. ಮರಿ ಬಲಿತಿತ್ತೆಂದು ಸಾಕಿದವನನ್ನು ಬೈಯುತ್ತೀರಿ. ತಪ್ಪು ನಿಮ್ಮ ಆತುರದ್ದು. ಬಿಸಿ ಆರಿದ ಮೇಲೆ ತಟ್ಟೆಯಲ್ಲಿ ಹರಡಿ, ಮುಚ್ಚಿ, ಫ್ರಿಜ್ಜಿನ ಕೆಳಭಾಗದಲ್ಲಿ ಒಂದು ರಾತ್ರಿ ಬಿಡಿ. ಫ್ರೀಜರ್ ಮಾರನೆಯ ದಿನಕ್ಕೆ.

ಲಿವರ್, ಬೋಟಿ ಕಡಿದ ದಿನವೋ ಮರುದಿನವೋ ತಿಂದು ಮುಗಿಸಿ. ಉಳಿದದ್ದನ್ನು ತೊಳೆಯದೆ, ಒಣಬಟ್ಟೆಯಲ್ಲಿ ಒತ್ತಿ, ಒಂದು ಸಲದ ಅಡುಗೆಗೆ ಸಾಲುವಷ್ಟು ಅರ್ಧ ಅರ್ಧ ಕೆಜಿ ದಪ್ಪ ಕವರಿಗೆ ತುಂಬಿ. ಗಾಳಿ ಹೊರಗೆ ಹಿಂಡಿ, ಅಂಗೈಯಿಂದ ತಟ್ಟಿ ಚಪ್ಪಟೆ ಮಾಡಿ, ಮಾರ್ಕರಿನಲ್ಲಿ ತಾರೀಕು ಬರೆಯಿರಿ. ಚಪ್ಪಟೆ ಕವರು ಬೇಗ ಹೆಪ್ಪುಗಟ್ಟುತ್ತದೆ, ಬೇಗ ಕರಗುತ್ತದೆ. 100 ಲೀಟರಿನ ಫ್ರೀಜರಿಗೆ ದಿನಕ್ಕೆ ನಾಲ್ಕೈದು ಕೆಜಿ ಹಾಕಿದರೆ ಸಾಕು. ಒಂದೇ ಸಲ ತುಂಬಿದರೆ ಒಳಗೆ ಚಳಿ ನಿಲ್ಲುವುದಿಲ್ಲ. ಮೈನಸ್ 18 ಡಿಗ್ರಿ ಇರಬೇಕು. ಒಂಟಿ ಬಾಗಿಲಿನ ಫ್ರಿಜ್ಜಿನ ಐಸ್ ಗೂಡನ್ನು ತಿಂಗಳುಗಟ್ಟಲೆ ನಂಬಬೇಡಿ.

ಚಳಿ ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೆ. ಕೊಬ್ಬು ಅಲ್ಲೂ ನಿಧಾನವಾಗಿ ಕಮಟುತ್ತದೆ. ಕೈಮಾವನ್ನು ಮೂರು ತಿಂಗಳೊಳಗೆ, ತೊಡೆಯ ತುಂಡುಗಳನ್ನು ಆರು ತಿಂಗಳೊಳಗೆ ಬಳಸಿಬಿಡಿ. ಕರಗಿಸುವಾಗ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗೆ ಇಳಿಸಿ, ಅಡುಗೆಕಟ್ಟೆಯ ಮೇಲೆ ಬಿಡಬೇಡಿ. ಕರೆಂಟು ಹೋದರೆ ಬಾಗಿಲು ತೆರೆಯಬೇಡಿ, ತುಂಬಿದ ಫ್ರೀಜರ್ ಒಂದು ದಿನ ತಡೆಯುತ್ತದೆ.

ಕೊನೆಯದಾಗಿ ನನ್ನ ಕೇಳಿಕೆ ಒಂದೇ. ಶ್ರಾವಣದಲ್ಲಿ ಕೊಳ್ಳುವವರು ಕಡಿಮೆ, ಸಾಕಿದವನ ಕೈ ಬರಿದಾಗಿರುತ್ತದೆ. ಶ್ರಾವಣ ಹಿಡಿಯದ ಮನೆಯವರು ಆಗಲೇ ಹೋಗಿ ಮರಿ ಕೊಳ್ಳಿ, ಆದರೆ ಅವನ ಕಷ್ಟ ನೋಡಿ ಬೆಲೆ ಇಳಿಸಬೇಡಿ.